ಸಾವಿರದ ಇಪ್ಪತ್ತನಾಲ್ಕು

ದುರ್ಗಿಗುಡಿಯ ಸೈಬರ್ ಸೆಂಟರ್ ಮುಚ್ಚಿದಾಗ
ಎರಡೂವರೆ ಸಾವಿರಕ್ಕೆ ತಂದ ಡಬ್ಬಿ ಇದು.
ನೆತ್ತಿಯ ಮೇಲೆ ಇನ್ನೂ ಅಂಟಿದೆ ಚೀಟಿ: ಕ್ಯಾಬಿನ್ ಏಳು.
ಯಾರ್ಯಾರ ರಿಸಲ್ಟು, ಯಾರ್ಯಾರ ಪ್ರೇಮಪತ್ರ
ತೆರೆದು ಮುಚ್ಚಿದೆಯೋ. ಈಗ
ಗೋಪಾಳದ ನನ್ನ ಹೊಲಿಗೆ ಕೋಣೆಯಲ್ಲಿ
ತೋಳು ಕೂಡಿಸದ ರವಿಕೆಗಳ ನಡುವೆ ಕೂತು
ಹಾಡು ಹಿಡಿಯಬೇಕು.

ಹಾಡುವವನು ಹುಚ್ರಾಯಪ್ಪ,
ತೀರ್ಥಹಳ್ಳಿ ರೂಟಿನ ಕಂಡಕ್ಟರು.
ಮಾತಿಗೆ ತೊದಲು. ಅದಕ್ಕೇ
ಊರುಗಳನ್ನು ಕೂಗುವುದಿಲ್ಲ, ಎಳೆದು ಹಾಡುತ್ತಾನೆ:
ಗಾಜನೂರೂ... ಸಕ್ರೆಬೈಲೂ... ಮಂಡಗದ್ದೇ...
ರಾಗ ಹತ್ತಿದ ನಾಲಗೆಗೆ ಒಂದು ಹಂಪೂ ಅಡ್ಡ ಬರುವುದಿಲ್ಲ.
ಅಜ್ಜನ ಹದಿನೇಳು ತತ್ವಪದ ಅವನ ಹತ್ತಿರ ಇವೆ,
ರಬ್ಬರ್ ಬ್ಯಾಂಡು ಹಾಕಿಟ್ಟ ಹಳೇ ಟಿಕೇಟಿನ ಕಟ್ಟಿನಂತೆ.
ಅವನದೊಂದೇ ಹಟ, ಪ್ರತಿ ಪದದ ತಲೆಗೂ
ಹೆಸರನ್ನು ತಾನೇ ಹೇಳಬೇಕು.
'ಊರಿಲ್ಲದ ಟಿಕೇಟು ಹರೀತಾರೇನಕ್ಕಾ?'
ಅಂತ ಟಿಕೇಟಿನ ಬೆನ್ನಿಗೆ ಬರೆದು ತೋರಿಸಿದ.

ಮೊದಲ ಸಂಜೆ ಹೆಡ್‌ಫೋನು ಹಾಕಿ
ಹೆಸರು ಹೇಳಿದ, ಹಾಡಿದ. ಹಾಡು ಕುಂಟಿತು.
ಅವನ ದನಿ ಅವನಿಗೇ ತಡವಾಗಿ ತಲುಪುತ್ತಿತ್ತು,
ಸೆಕೆಂಡಿನ ಹದಿನೈದರಲ್ಲೊಂದು ಪಾಲು, ಅಷ್ಟೇ.
ತಬಲಾ ಮುಂದೆ ಹೋಗಿ ತಿರುಗಿ ನೋಡುವುದು,
ಇವನು ಹಿಂದುಳಿದು ಏದುಸಿರು ಬಿಡುವುದು,
ನಡುನಡುವೆ ಹುರಿಗಾಳು ಸಿಡಿದಂತೆ ಚಟಪಟ.

ವಾರವಿಡೀ ಡಬ್ಬಿಯ ಜೊತೆ ಗುದ್ದಾಡಿದೆ.
ಸ್ಕ್ರೂ ಬಿಚ್ಚಿದರೆ ಒಳಗೆ ಧೂಳಿನ ಕಂಬಳಿ,
ಹಲ್ಲಿಮೊಟ್ಟೆಯ ಎರಡು ಚಿಪ್ಪು.
ಬಣ್ಣದ ಬ್ರಷ್ಷು ಹಿಡಿದು ಫ್ಯಾನಿನ ಒಂದೊಂದೇ ಎಲೆ ಒರೆಸಿದೆ.
ನೆಹರೂ ರಸ್ತೆಯಲ್ಲಿ ಚೌಕಾಸಿ ಮಾಡಿ
ನಾಲ್ಕು ಜಿಬಿ ರ‍್ಯಾಮು ತಂದು ಖಾಲಿ ಗಾಡಿಗೆ ಒತ್ತಿದೆ;
ಟಕ್ ಅಂತು, ಟಿಚ್‌ಬಟನ್ ಕೂತ ಹಾಗೆ.
ಆನ್ ಆದೊಡನೆ ಕರೆಯದೆ ಬಂದು ಕೂರುವವರನ್ನೆಲ್ಲ ಎಬ್ಬಿಸಿದೆ:
ಮಳೆ ಬರುತ್ತದೆಂದು ಹೇಳುವವನು,
ಅಪ್‌ಡೇಟು ಅಪ್‌ಡೇಟು ಎಂದು ಗೋಗರೆಯುವವನು,
ಸೈಬರ್ ಕಾಲದ ಪ್ರಿಂಟರನ್ನು ಇವತ್ತಿಗೂ ಕಾಯುತ್ತ ಕೂತವನು
(ಅವನನ್ನು ಏಳಿಸುವಾಗ ಒಂಚೂರು ಪಾಪ ಅನ್ನಿಸಿತು).
ವೈಫೈ ಕಿತ್ತೆ. ಆಂಟಿವೈರಸ್ಸಿಗೆ ಸಂಜೆ ಮಟ್ಟಿಗೆ ರಜೆ ಕೊಟ್ಟೆ.
ತಬಲಾ, ತಂಬೂರಿ ಎರಡನ್ನೂ ಫ್ರೀಜ್ ಮಾಡಿ
ಬಫರ್ ಇಳಿಸುತ್ತ ಬಂದೆ, ಘಾಟಿ ಇಳಿಸಿದಂತೆ, ಗೇರಿನಲ್ಲೇ:
ಸಾವಿರದ ಇಪ್ಪತ್ತನಾಲ್ಕು, ಐನೂರ ಹನ್ನೆರಡು,
ಇನ್ನೂರ ಐವತ್ತಾರು, ನೂರ ಇಪ್ಪತ್ತೆಂಟು.
ಚಟಪಟ ಇಲ್ಲ.

ಶನಿವಾರ ಡ್ಯೂಟಿ ಮುಗಿಸಿ ಬಂದ,
ಹೆಗಲಲ್ಲಿ ಚಿಲ್ಲರೆಯ ಚೀಲ.
ರೆಕಾರ್ಡ್ ಒತ್ತಿದೆ.
ಹು.
ಹು. ಹು.
ತೆರೆಯ ಮೇಲೆ ಪುಟ್ಟ ಪುಟ್ಟ ಗುಬುಟು ಎದ್ದವು, ಗೆರೆ ಮುಂದೆ ಓಡಿತು,
ಹೆಸರು ಮಾತ್ರ ಮೊದಲ ಮೆಟ್ಟಿಲಲ್ಲೇ ಕಾಲಿಟ್ಟು ನಿಂತಿತು.
ಬಸ್‌ಸ್ಟ್ಯಾಂಡಿನ ಹುಡುಗರು ಗೂಬೆಯೆಂದು ಅಣಕಿಸುವ
ಅದೇ ಹು.
ಆಮೇಲೆ ಹಾಡಿದ. ಹಾಡು ಚಾಕಿನ ಗೆರೆಯ ಮೇಲೇ ಕತ್ತರಿ ನಡೆದಷ್ಟು ನೇರ.
ಆದರೂ ಮುಖ ಎತ್ತಲಿಲ್ಲ.

ಹೋದ ವಾರದ ಫೈಲು ತೆರೆದು ಕೇಳಿಸಿದೆ.
'ಹುಚ್ರಾಯಪ್ಪ, ಶಿಕಾರಿಪುರದ ಕಡೆಯವನು, ಮೊದಲನೇ ಪದ.'
ಒಂದೇ ಉಸಿರು. ತೊದಲಿಲ್ಲ.
ಅವತ್ತು ಇಬ್ಬರೂ ಹಾಡಿನ ಕುಂಟು ಹಿಡಿದುಕೊಂಡು
ಬೈದದ್ದೇ ಬೈದದ್ದು;
ಹೆಸರನ್ನು ಕೇಳಿಸಿಕೊಂಡಿರಲೇ ಇಲ್ಲ.
ಅವನು ತನ್ನ ಎದೆ ಮುಟ್ಟಿ ತೋರಿಸಿ, ಹುಬ್ಬೇರಿಸಿ ಕೇಳಿದ: ನಾನಾ?

ಯಾಕೆ ಹೀಗೆ, ನನಗೆ ಗೊತ್ತಿಲ್ಲ.
ಒಂದು ಹೆಜ್ಜೆ ಹಿಂದೆ ಅದೇ ಮಾತು ಆಡುತ್ತ
ಇನ್ನೊಬ್ಬ ಬರುತ್ತಿದ್ದರೆ ನಾಲಗೆಗೆ ಧೈರ್ಯವೇನೋ.
ರ‍್ಯಾಮಿನಂಗಡಿಯವನನ್ನು ಕೇಳಿದೆ,
'ತಡ ಆಗೋದು ಫಾಲ್ಟು ಮೇಡಂ' ಅಂದ.

ಈಗ ಹೆಸರಿಗೆ ಸಾವಿರದ ಇಪ್ಪತ್ತನಾಲ್ಕು,
ಹಾಡಿಗೆ ನೂರ ಇಪ್ಪತ್ತೆಂಟು.
ಹೆಸರು ಹೇಳಿ ಸುಮ್ಮನಾಗುತ್ತಾನೆ,
ಅದರ ಬಾಲ ಓಡಿ ಬಂದು ಕಿವಿ ಹತ್ತುವವರೆಗೆ.
ಹತ್ತಿದ ಮೇಲೆ ಡಬ್ಬಿಯ ಮಗ್ಗುಲಿಗೆ
ಎರಡು ಸಲ ತಟ್ಟುತ್ತಾನೆ.
ಒಂಬತ್ತು ಪದ ಮುಗಿದಿವೆ.