ಹೆಬ್ಬೆಟ್ಟು

ಗುಳೇದಗುಡ್ಡದ ಹುಚ್ಚೇಶನ ಕಡಿಂದ
ಇಪ್ಪತ್ತೆರಡು ಸಾವಿರಕ್ಕ ತಗೊಂಡೆ, ಬ್ಯಾಗು ಸಮೇತ.
ಅಂವ ಈಗ ಕನ್ನಡಿ ಇಲ್ಲದ ಹೊಸಾ ಕ್ಯಾಮೆರಾದಾಂವ.
ನಾನು ಇಳಕಲ್ಲಿನ ಮೆಹಜಬೀನ,
ಹೆಣ್ಮಕ್ಕಳ ಕಡೆಯ ಫೋಟೋದಾಕಿ.
ಗಂಡಸರು ಕಾಲಿಡದ ಖೋಲಿಯೊಳಗಿನ
ಅರಿಶಿಣ, ಮೆಹಂದಿ, ಮದಮಗಳ ಅಳು
ಎಲ್ಲಾ ನನ್ನ ಪಾಲಿಂದು.

ಮೊದಲನೇ ಮದಿವಿ ಹಾಳಾತು.
ಅರ್ಧ ಒತ್ತಿದರ ಕಿಂವ್ ಅನಬೇಕಲ್ಲ, ಅನಲಿಲ್ಲ.
ಪೂರಾ ಒತ್ತಿದರ ಹೊಡೀತು, ಒಂದೂ ನಿಚ್ಚಳ ಇಲ್ಲ.
ಇನ್ನೂರ ನಲವತ್ತು ಫೋಟೋದಾಗ
ಗಂಜ್ಯಾಗ ಅದ್ದಿ ತಗದಂಗ ಮದಮಗಳು.
ಸಿಟ್ಟಿಲೆ ಫೋನ್ ಹಚ್ಚಿದೆ:
"ಕೆಟ್ಟ ಮಾಲು ಗಂಟ ಹಾಕೀಯಲ್ಲೋ ಅಣ್ಣಾ."
ಅಂವ ನಕ್ಕ.
"ಬೆನ್ನಿನ ಮ್ಯಾಲ ನಕ್ಷತ್ರದ ಗುಂಡಿ ಐತಿ. ಹೆಬ್ಬೆಟ್ಟು ಅಲ್ಲಿಡು."
ನಕ್ಷತ್ರ ಎಲ್ಲೈತಿ?
ಸವದು ಸವದು ಅಳಿಸೇ ಹೋಗೇತಿ.
ತಡವಿದೆ. ನುಣ್ಣಗ ಒಂದು ತಗ್ಗು ಸಿಕ್ಕಿತು.

ಹೆಬ್ಬೆಟ್ಟು!
ನಮ್ಮ ಅಮ್ಮಿ ರೇಷನ್ ಅಂಗಡ್ಯಾಗ ಒತ್ತೂದು,
ಸಂಘದ ಸಾಲಕ್ಕ ಒತ್ತೂದು,
ಬರಿಯಾಕ ಬರದವರ ಸಹಿ.
ಈ ಡಬ್ಬಿಯೊಳಗ ಅದಕ್ಕ ಎಲ್ಲಾಕಿಂತ ದೊಡ್ಡ ಕೆಲಸ:
ಯಾರನ್ನ ನೋಡಬೇಕು ಅಂತ ಹೇಳೂದು.
ತೋರಬೆರಳಿಗೆ ಉಳಿದದ್ದು ಬರೇ ಹೊಡಿಯೂದು.

ಹುಚ್ಚೇಶ ಮೊದಲ ಕುಣಿಮಗ್ಗದಾಗ ಖಣ ನೇದಾಂವ.
"ಕಾಲಿನ ಕೆಲಸ ಕೈ ಮಾಡಬಾರದು ತಂಗಿ,
ಮಾಡಿದರ ಎಳಿ ಹರೀತೈತಿ" ಅಂದ.
ಹಾಂಗಂತ ಒಂದೊಂದು ಗುಂಡಿಗೆ ಒಂದೊಂದು ದುಡಿತ ಹಚ್ಚಿ
ಹನ್ನೊಂದು ವರ್ಷ ಪಳಗಿಸ್ಯಾನ.

ಇನ್ನೊಂದು ಗುಂಡಿ ಬೆಳಕು ಅಳಿಯೂದು.
ಈ ಯಂತ್ರಕ್ಕ ಗೊತ್ತಿರೂದು ಒಂದ ಬಣ್ಣ, ಬೂದಿ.
ಕರೀ ಬುರ್ಖಾ ತೋರಸ್ರಿ, ಬೂದಿ ಮಾಡತೈತಿ.
ಬಿಳೀ ಹಾಸಗಿ ತೋರಸ್ರಿ, ಅದೂ ಬೂದಿ.
ನಡುವಿನ ಸಣ್ಣ ಉಂಗುರ ಗಲ್ಲದ ಮ್ಯಾಲಿಟ್ಟು
ಅದುಮಿ ಹಿಡಿದರ ಮಾತ್ರ
ಚರ್ಮಕ್ಕ ಚರ್ಮದ ಬಣ್ಣ.
ನಮ್ಮ ಅಕ್ಕನ್ನ ನೋಡಾಕ ಬಂದವರು
ಈ ಗುಂಡಿ ಒತ್ತಲಿಲ್ಲ.
ಗ್ವಾಡಿ ಸುಣ್ಣ, ಅಬ್ಬಾನ ಸೈಕಲ್ಲು, ಚಾದ ಕಪ್ಪು
ಎಲ್ಲಾ ಸೇರಿಸಿ ಅಳದರು.
ಬೂದಿ ಅಂತ ಹೇಳಿ ಕಳಿಸಿದರು.

ಮೂರನೇದ್ದು ಫ್ಲ್ಯಾಷಿಂದು.
ಒತ್ತಿದ ಕೂಡ್ಲೆ ಬೆಳಕಿನ ಒಂದು ಚೂರು ಮುಂದ ಓಡಿ
ಮಾರಿ ಮುಟ್ಟಿ ಬರತೈತಿ,
ಎಷ್ಟು ಬೇಕು ಅಂತ ಕೇಳಿಕೊಂಡು.
ಅದು ಫೋಟೋ ಅಲ್ಲ.
ಮಂದಿಗೆ ಮಾತ್ರ ಫೋಟೋ ಮುಗೀತು ಅನಸತೈತಿ.
ಹಿಡಿದ ಉಸರು ಬಿಡತಾರ,
ತೆರೆದ ಹಲ್ಲು ಒಳಗ ಹೋಗತಾವ.

ಹುನಗುಂದದ ಒಂದು ನಿಕಾಹದಾಗ
ಮದಮಗಳ ನಾನಿ, ಬೀಬಿಜಾನ,
ಕ್ಯಾಮೆರಾ ಕಂಡರ ಕಲ್ಲಾಗಿ ಕೂಡಾಕಿ.
ಒಂದು ಮಿಂಚು.
"ಆತೇನವಾ?" ಅಂದಳು, ಮಾರಿ ಸಡಲ ಬಿಟ್ಟಳು.
ಮೊಮ್ಮಗಳ ಕೈ ತೊಡಿಮ್ಯಾಲ ಇಟಗೊಂಡು
ಬೆರಳು ಒಂದೊಂದ ಮುಟ್ಟಿ
ಏನೋ ಎಣಿಸಾಕ ಹತ್ತಿದಳು, ತುಟಿ ಅಷ್ಟ ಅಲುಗತಿತ್ತು.
ಬೆಳಕು ಆಗಲೇ ಆಕಿ ಅಳತಿ ತಂದು ನಿಂತಿತ್ತು.
ಹೆಬ್ಬೆಟ್ಟು ಆಕಿ ಕಣ್ಣಿಗೆ ಹಚ್ಚಿದೆ.
ಹೊಡದೆ.

ಮೆನುವಿನ್ಯಾಗ ಕಡೀಕೊಂದು ಸಾಲೈತಿ:
ಎಲ್ಲಾ ಮೊದಲಿನಂಗ ಮಾಡಲೇನು? ಹೂಂ, ಬ್ಯಾಡ.
ಎರಡು ಸರತಿ ಹೂಂ ಮಟಾ ಹೋಗಿ ಬಂದೀನಿ.
ಅವನ ಕೈ ದೊಡ್ಡದು,
ನಂದು ಸಣ್ಣ ಅಳತಿ ಬಳಿ ಹಿಡಿಸೂ ಕೈ,
ಫ್ಲ್ಯಾಷಿನ ಗುಂಡಿ ನಿಲುಕೂದಿಲ್ಲ.
ಅದನ್ನ ಅಷ್ಟ ಮುಂದಿನ ಮಗ್ಗಲಿಗೆ ತಂದು
ಉಂಗುರ ಬೆರಳಿನ ಕೆಳಗ ಕುಂದರಿಸಿದೆ.
ಸಿ ಎರಡರಾಗ ಉಳಿಸಿದೆ.
ಸಿ ಒಂದು ಹುಚ್ಚೇಶಂದು, ಹಾಂಗ ಇರಲಿ.

ಆ ಮೊದಲನೇ ಮದಿವಿಯವರು
ಇನ್ನಾ ರೊಕ್ಕ ಕೊಟ್ಟಿಲ್ಲ.
ಇನ್ನೂರ ನಲವತ್ತರಾಗ
ಯಾವ ಮಾರಿ ಇಟಗೊಂಡು ಕೇಳಲಿ?