ಇತರೆ ನಲವತ್ತು

ನೂರು ಕವರು ಮಡಚಿದ್ರ ಹನ್ನೆರಡು ರೂಪಾಯಿ.
ಅಂಟು ಪ್ರೆಸ್ಸಿನವರದು, ಬೆರಳು ನಂದು.
ಗದಗಿನಿಂದ ಬೆಟಗೇರಿಗೆ ಸಂಜೀಕ
ನಮ್ಮ ಮನಿಯವರು ಸೈಕಲ್ ಮ್ಯಾಲೆ ಹೊರಿ ತರ್ತಾರ,
ಮಂದಿ ಮದುವಿ ಮಡಚಿ ಮಡಚಿ ಮಲಗತೇನಿ.

ಮೂರು ಸಾವಿರ ಅಂದ್ರ ಇಪ್ಪತ್ತೈದು ಸಾವಿರ ಕವರು.
ದೀಪಾವಳಿಗೆ ಹಿಡದದ್ದು ಮೇ ತಿಂಗಳಿಗೆ ಮುಗೀತು.
ಕಾರವಾರಕ್ಕ ಹೋಗೂದು ಅಂದಾಗ
ವೀರೇಶ ಕೇಳಿದ: ಸಮುದ್ರಕ್ಕ ಎಷ್ಟು ಕವರು?

ತಪ್ಪಾಗಿ ಅಚ್ಚಾದ ಲಗ್ನಪತ್ರಿಕಿ ಒಂದಿತ್ತು,
ಮದುಮಗನ ಹೆಸರಿಗೆ ಒತ್ತು ಬಿಟ್ಟದ್ದು.
ಹಿಂದ ಖಾಲಿ. ಅದರ ಬೆನ್ನಿಗೆ ಬರದ್ವಿ.

ಬಸ್ಸು: ಅತ್ತಿ, ನಾನು, ಚೈತ್ರಾ,
ಆಧಾರ್ ತೋರಿಸಿದ್ರ ಸೊನ್ನಿ.
ಮೂರು ಸೊನ್ನಿ ಕೂಡಿಸಿದ್ರೂ ಸೊನ್ನಿ, ಗುಣಿಸಿದ್ರೂ ಸೊನ್ನಿ.
ವೀರೇಶಗ ಅರ್ಧಾ. ಅವರಿಗೆ ಪೂರಾ.
ಹೋಗಿ ಬರೂದಕ್ಕ ಎಂಟನೂರ ನಲವತ್ತು.
"ಈ ಮನ್ಯಾಗ ತುಟ್ಟಿ ಅಂದ್ರ ನೀ ಒಬ್ಬನ ನೋಡು ಅಂದಾನೆಪ್ಪಾ"
ಅಂದ್ರು ಅತ್ತಿ.

ರೂಮು ಒಂಬೈನೂರು, ಹೆಚ್ಚಿನ ಗಾದಿಗೆ ನೂರು.
ಕಟಕ ರೊಟ್ಟಿ: ಐದು ಮಂದಿ, ನಾಕು ಹೊತ್ತು, ಮೂರು ಮೂರು,
ಅರವತ್ತು. ಬಸ್ಸಿನ್ಯಾಗ ಮುರದಾವಂತ ಮ್ಯಾಲೆ ಐದು.
ನಾಷ್ಟಾ, ಒಂದು ಬಿಸಿ ಅನ್ನದೂಟ: ಆರನೂರು.
ಚಹಾಕ್ಕ ನೂರ ಅರವತ್ತು.
ಉಳಿದ ನಾಕನೂರು ಹೊಟ್ಟಿಬ್ಯಾನಿಗೆ, ಚಪ್ಪಲಿ ಹರಿಯೂದಕ್ಕ.
ಮುಟ್ಟಬಾರದು.

ಆಮ್ಯಾಲೆ ತಾಸಿನ ಲೆಕ್ಕ.
ನಸಿಕ್ಲೆ ಐದೂವರಿಗೆ ಬಸ್ಸು, ಹುಬ್ಬಳ್ಳ್ಯಾಗ ಬದಲಿ,
ಒಂದಕ್ಕ ಕಾರವಾರ. ಮಾರನೇ ದಿನ ಹನ್ನೆರಡಕ್ಕ ರೂಮು ಬಿಡಬೇಕು.
ನಿದ್ದಿ, ಊಟ, ಜಳಕ, ಹಾದಿ ಎಲ್ಲಾ ಕಳದು
ಸಮುದ್ರದ ಮುಂದ ಕುಂದ್ರೂದು ಏಳು ತಾಸು.
ಮೂರು ಸಾವಿರಕ್ಕ ಏಳರಿಂದ ಭಾಗಿಸು, ಮತ್ತ ಅರವತ್ತರಿಂದ.
ಚೈತ್ರಾ ಬಾಯಿಲೇ ಹೇಳಿದ್ಲು:
ಮಿನಿಟಿಗೆ ಏಳು ರೂಪಾಯಿ ಹದಿನಾಕು ಪೈಸೆ.

ಅದಕ್ಕ ಮನಿಯವರು ಆ ಉಸುಕಿನ್ಯಾಗ
ಯಾರರೆ ಆಕಳಿಸಿದ್ರ ಗಡಿಯಾರ ನೋಡ್ತಿದ್ರು.
ಮೊದಲು ಮಲಗಿದವರೂ ಅವರ.
ಬಾಯಿ ತಕ್ಕೊಂಡು, ಒಂದು ತಾಸು ಹತ್ತು ಮಿನಿಟು.
ಐದನೂರು ರೂಪಾಯಿ ನಿದ್ದಿ. ನಾ ಎಬ್ಬಿಸಲಿಲ್ಲ.
ದಿನಾ ಕಟಿಂಗ್ ಮಷೀನಿನ ಮುಂದ ನಿಲ್ಲೂ ಕಾಲು
ಉದ್ದಕ ಬಿದ್ದಿದ್ದುವು, ನೀರು ಮುಟ್ಟಿ ಮುಟ್ಟಿ ಹೋಗ್ತಿತ್ತು.

ತೆರಿ ಅಂಚಿಗೆ ಬಂದು ಮಡಚತಿತ್ತು.
ಸುಮ್ನ ಎಣಸಾಕ ಹತ್ತಿದೆ. ನೂರಾತು.
ಹನ್ನೆರಡು ರೂಪಾಯಿ ಯಾರೂ ಕೊಡಲಿಲ್ಲ.

ಮನಿಗೆ ಬಂದು ಪತ್ರಿಕಿ ಬಿಚ್ಚಿದ್ವಿ.
ಎಲ್ಲಾ ಕೂಡ್ತು. ರೊಟ್ಟಿ ಏಳು ಉಳಿದಿದ್ದುವು.
ಚೀಲದಾಗ ಇದ್ದದ್ದು ಮುನ್ನೂರ ಅರವತ್ತು.
ಮನಿಯವರು ಮೂರು ಸಲ ಎಣಿಸಿದ್ರು,
ಉಗುಳು ಹಚ್ಚಿ, ಒಣ ಬೆರಳಿಲೆ, ಕಡೀಕ ಉಲ್ಟಾ.
ಹುಡುಗರನ್ನ ನಿಂದರಿಸಿ ಕೇಳಿದ್ರು.

ನಾವು ನೀರಿಗಿಳದಾಗ ಚೀಲ ಕಾದವರು ಅತ್ತಿ.
ತಿರುಗಿ ಬಂದಾಗ ಅವರ ನಾಲಿಗಿ ಕೆಂಪಂದ್ರ ಕೆಂಪು.
"ಎಲಿ ಹಾಕ್ಕೊಂಡೆನವಾ" ಅಂದಿದ್ರು.
ಹಲ್ಲು ಹೋಗಿ ಎಲಿ ಬಿಟ್ಟು ಆರು ವರ್ಷಾತು.
ಸಕ್ಕರಿ ಬ್ಯಾನಿ, ಹ್ವಾದ ತಿಂಗಳ ಇನ್ನೂರ ಹತ್ತು.
ಐಸ್ ಗೋಲಾದ ಗಾಡಿ ಹತ್ತು ಮಾರು ದೂರ ನಿಂತಿತ್ತು,
ಹಲಗಿ ಮ್ಯಾಲೆ ಬರದಿತ್ತು: ಒಂದಕ್ಕ ಇಪ್ಪತ್ತು.

ಅಂದ್ರ ಎರಡು.

ಮುನ್ನೂರ ಮೂವತ್ಮೂರು ಕವರು,
ಮ್ಯಾಲೊಂದು ಬರೇ ಒಂದು ಅಂಚು ಮಡಚಿದ್ದು.
ಅತ್ತಿ ಗ್ವಾಡಿಗೆ ಆತು ಬೆಳ್ಳೊಳ್ಳಿ ಸುಲೀತಿದ್ರು,
ತಲಿ ಎತ್ತಲಿಲ್ಲ.

ಪೆನ್ನು ಇಸ್ಕೊಂಡು ಕೆಳಗ ಬರದೆ:
ಇತರೆ, ೪೦.

"ಇತರೆ ಅಂದ್ರೇನು? ನಮ್ಮ ಮಾಲಕ ಒಪ್ಪೂದಿಲ್ಲ ಇಂಥಾದ್ದು."
"ನೀವು ಐದನೂರು ನಿದ್ದಿ ಮಾಡಿದ್ರಲಾ,
ಅದನ್ನ ಯಾವುದರಾಗ ಬರೀಲಿ?"

ಪತ್ರಿಕಿ ಮಡಚಿ ಕಿಸೆದಾಗ ಇಟ್ಟರು.
ಬೆಳ್ಳೊಳ್ಳಿ ಸಿಪ್ಪಿ ಸಪ್ಪಳ ಒಂದರಗಳಿಗಿ ನಿಂತು
ಮತ್ತ ಸುರುವಾತು.