ಬಂದ ಬಾಗಿಲು

ಮಂಜೇಶ್ವರದ ಬಂದರಿಗೆ ಮೂರೂವರೆಗೆ ಮೊದಲ ದೋಣಿ.
ಐಸ್ ಅಂಗಡಿಯ ಮಾಳಿಗೆಯಲ್ಲಿ ನಾನು,
ಒಂದು ಲ್ಯಾಪ್‌ಟಾಪು, ಫ್ಲಾಸ್ಕಿನಲ್ಲಿ ಆರಿಹೋದ ಚಾ.
ಬಂಗುಡೆಗೆಷ್ಟು, ಬೂತಾಯಿಗೆಷ್ಟು,
ಬುಟ್ಟಿ ಮರಳು ಮುಟ್ಟುವ ಮೊದಲೇ
ತಲಪಾಡಿಯ ಆಚೆಗೂ ದರ ಮುಟ್ಟಬೇಕು.
ಮೀನುಗಾರರ ಸಂಘ ನನಗೆ ಸಂಬಳ ಕೊಡುವುದು ಇಷ್ಟಕ್ಕೇ.

ಕೇಳುವವರು ಹೆಚ್ಚಿದ ಹಾಗೆ
ಮುಂಬೈಯ ಯಾವುದೋ ತಣ್ಣನೆಯ ಕೋಣೆಯಲ್ಲಿ
ಹೊಸ ಸರ್ವರುಗಳು ತಾವಾಗಿಯೇ ಹುಟ್ಟುತ್ತವೆ.
ಹುಟ್ಟಿದ್ದೇ, ಎದುರಿಗೆ ಯಾರಿದ್ದಾರೆಂದು ತಿಳಿಯದೆ
ಎಲ್ಲರಿಗೂ ಕೇಳುವಂತೆ ಕೂಗುತ್ತವೆ:
ಯಾರಾದರೂ ಇದ್ದೀರಾ? ನನಗೊಂದು ವಿಳಾಸ.
ಒಬ್ಬ ಓಗೊಡುತ್ತಾನೆ:
ತಗೋ, ಹತ್ತು, ಸೊನ್ನೆ, ನಾಲ್ಕು, ಎಪ್ಪತ್ತೊಂದು.
ಒಂದು ಗಂಟೆ ನಿನ್ನದು. ಅರ್ಧ ಕಳೆದಾಗ ಮತ್ತೆ ಕೇಳು.

ಬಾಡಿಗೆಯ ವಿಳಾಸ. ಅದಕ್ಕೇನೂ ಬೇಸರವಿಲ್ಲ.
ಪಂಚಾಯತಿನ ಕಾಗದದಲ್ಲಿ ಮಂಜೇಶ್ವರಂ,
ಬ್ಯಾಂಕಿನ ಪುಸ್ತಕದಲ್ಲಿ ಮಂಜೇಶ್ವರ್,
ನನ್ನಜ್ಜಿಯ ಬಾಯಲ್ಲಿ ಬರೀ "ಊರು".
ನಾನೂ ಈ ವಿಷಯದಲ್ಲಿ ಗಲಾಟೆ ಮಾಡಿದವಳಲ್ಲ.

ತಕರಾರು ಎರಡನೆಯ ಬಾಗಿಲಿನದು.
ದೊಡ್ಡ ವ್ಯಾಪಾರಿಗಳಿಗೆ ಬೇರೆಯೇ ದಾರಿ ಬೇಕೆಂದರು
ಕಾರ್ಯದರ್ಶಿ ವಾಮನ ಸಾಲ್ಯಾನರು.
ಓಡುತ್ತಿದ್ದ ಯಂತ್ರಕ್ಕೇ ಇನ್ನೊಂದು ಕಾರ್ಡು ಸಿಕ್ಕಿಸಿದೆ.
ಬಾಗಿಲು ಮೂಡಿತು; ಅದರ ಮೇಲೆ ನಂಬರಿಲ್ಲ.
ಕೈಯಾರೆ ನಂಬರು ಬರೆದೆ.
ಪ್ರಶ್ನೆ ಒಳಗೆ ಬಂತು, ಎರಡನೆಯ ಬಾಗಿಲಿಂದ.
ಉತ್ತರ ಹೊರಟಿತು, ಒಂದನೆಯ ಬಾಗಿಲಿಂದ,
ಅದಕ್ಕೆ ಗೊತ್ತಿದ್ದ ದಾರಿ ಅದೊಂದೇ.
ಅಲ್ಲಿಯ ಕಾವಲಿನವ, ಈ ಮಾತು
ಈ ಬಾಗಿಲಲ್ಲಿ ಯಾರೂ ಕೇಳಿಲ್ಲವೆಂದು
ಸದ್ದಿಲ್ಲದೆ ಕೆಳಗೆ ಬಿಟ್ಟ.

ತಪ್ಪೆಂದು ಎಲ್ಲಿಯೂ ಬರೆದಿರಲಿಲ್ಲ.
ಹೇಳಿದವನಿಗೆ ಹೇಳಿಯಾಗಿದೆ.
ಕೇಳಿದವನು ಕಾಯುತ್ತಲೇ ಇದ್ದಾನೆ.

ನನಗೆ ಗೊತ್ತು ಆ ಕಾಯುವಿಕೆ.
ಕಚೇರಿಯೊಂದರ ಕಿಟಕಿಯಲ್ಲಿ ಒಮ್ಮೆ
ಮಲಯಾಳದಲ್ಲಿ ನನ್ನ ತಂದೆಯ ಹೆಸರು ಕೇಳಿದರು.
ಪ್ರಶ್ನೆ ಪೂರ್ತಿ ಅರ್ಥವಾಯಿತು.
ಕನ್ನಡದಲ್ಲಿ ಹೇಳಿದೆ, ಮೃತರು ಎಂದೂ ಸೇರಿಸಿದೆ.
ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು
ನನ್ನನ್ನೇ ನೋಡುತ್ತ ಕೂತರು,
ಸಿಟ್ಟಿನಿಂದಲ್ಲ,
ನಾನಿನ್ನೂ ಬಾಯಿ ತೆರೆದೇ ಇಲ್ಲ ಎನ್ನುವ ಹಾಗೆ.

ಕೆಳಗೆ ಮರಳಿನಲ್ಲಿ ಅವ್ವಮ್ಮನ ಬುಟ್ಟಿ.
"ಎತ್ರ?" ಎಂದ ಕುಂಞಂಬು. ಮುನ್ನೂರ್.
"ಏತ್?" ಎಂದಳು ಗಿರಿಜಕ್ಕ. ಮುನ್ನೂದು.
"ಎಷ್ಟಮ್ಮ?" ಎಂದರು ಶಾಲೆಯ ಮೇಷ್ಟ್ರು. ಮುನ್ನೂರು.
ಮೀನು ಅದೇ, ದುಡ್ಡು ಅದೇ,
ಕೊನೆಯ ಅಕ್ಷರವಷ್ಟೇ ಬಾಗಿಲು ನೋಡಿ ತಿರುಗುತ್ತದೆ.
ಅವಳು ತಲೆಯನ್ನೂ ಎತ್ತಲಿಲ್ಲ,
ಕಿವಿರಿನೊಳಗೆ ಬೆರಳಿಟ್ಟು ಕೆಂಪು ತೋರಿಸುತ್ತಿದ್ದಳು.

ನನಗೆ ಅದಕ್ಕೆ ಹದಿಮೂರು ಸಾಲು ಬೇಕಾಯಿತು.
ಹೊಸ ಕಾರ್ಡು ಕಂಡರೆ ಅದರ ಗುರುತು ಓದು.
ಅದಕ್ಕೆ ಸಲ್ಲುವ ವಿಳಾಸ ಯಾವುದೆಂದು ಮೇಲೆ ವಿಚಾರಿಸು.
ಅದಕ್ಕೇ ಬೇರೆಯೊಂದು ದಾರಿಪಟ್ಟಿ ಬರೆ.
ಯಾವ ವಿಳಾಸವನ್ನು ಕೇಳಿ ಬಂದರೋ
ಆ ವಿಳಾಸದ ಬಾಗಿಲಿಂದಲೇ ಮರಳಿ ಹೊರಡು.
ಕಾರ್ಡು ಕಿತ್ತರೆ ಎಲ್ಲ ಅಳಿಸು.
(ಈ ಕೊನೆಯದನ್ನು ಎರಡು ಸಲ ಮರೆತೆ.)

ನಾಲ್ಕೂ ಐವತ್ತಕ್ಕೆ ಮೊದಲ ಉತ್ತರ ಸರಿಯಾಗಿ ಹೋಯಿತು.
ವಾಮನ ಸಾಲ್ಯಾನರ ಫೋನಿಂದ ಒಂದು ಹೆಬ್ಬೆರಳು ಬಂತು.
ಎಂಟು ಗಂಟೆಗೆ ಜನ ಕರಗಿ
ಯಂತ್ರಗಳು ಒಂದೊಂದಾಗಿ ಆರುತ್ತವೆ.
ಎಪ್ಪತ್ತೊಂದು ಖಾಲಿಯಾಗುತ್ತದೆ,
ನಾಳೆ ಬೇರೆ ಯಾರೋ ಅದೇ ಆಗಿ ಏಳುತ್ತಾರೆ.

ಮೆಟ್ಟಿಲ ಬುಡದಿಂದ ಅವ್ವಮ್ಮ ಏನೋ ಕೇಳಿದಳು,
ಬ್ಯಾರಿಯಲ್ಲಿರಬೇಕು.
ನಾನು ಕಿಟಕಿಯಿಂದ ಏನೋ ಹೇಳಿದೆ,
ಯಾವುದರಲ್ಲಿ ಎಂದು ಈಗ ನೆನಪಾಗುತ್ತಿಲ್ಲ.
ಎಲೆಯಲ್ಲಿ ಸುತ್ತಿದ ಎರಡು ಬಂಗುಡೆ ಮೇಲೆ ಬಂದವು.